ಪಿಎಲ್‌ಸಿಗೆ ಯಾವ ಸಪ್ಲೈ, ಯಾವ ಅರ್ಥಿಂಗ್? ಎರಡನ್ನೂ ಹಾಕಿ ನೋಡಿದ್ದು

ತುಮಕೂರಿನ ಅಂತರಸನಹಳ್ಳಿಯಲ್ಲಿ ನಾನು ನೋಡಿಕೊಳ್ಳುವ ಎಣ್ಣೆ ಮಿಲ್ಲಿನಲ್ಲಿ ಒಂದು ಸಣ್ಣ ಪಿಎಲ್‌ಸಿ ಇದೆ, ಅಂದರೆ ಪ್ರೋಗ್ರಾಂ ಪ್ರಕಾರ ಮೆಷಿನ್ ನಡೆಸುವ ಪುಟ್ಟ ಕಂಪ್ಯೂಟರ್. ದಿನಕ್ಕೆ ಎರಡು ಮೂರು ಸಲ ತಾನಾಗೇ ರೀಸ್ಟಾರ್ಟ್ ಆಗುತ್ತಿತ್ತು. ಎಲ್ಲರೂ ಪ್ರೋಗ್ರಾಂ ಸರಿಯಿಲ್ಲ ಅಂದರು. ಪ್ರೋಗ್ರಾಂ ಪಾಪ, ಏನೂ ಮಾಡಿರಲಿಲ್ಲ.

ಅದಕ್ಕೆ 24 ವೋಲ್ಟ್ ಕೊಡಲು ಮೊದಲಿದ್ದದ್ದು ಹಳೇ ಥರದ ಸಪ್ಲೈ. ಟ್ರಾನ್ಸ್‌ಫಾರ್ಮರ್, ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರ್, ಒಂದು ದಪ್ಪ ಕೆಪಾಸಿಟರ್, ಅಷ್ಟೇ. ಗಟ್ಟಿ ಮಾಲು, ಸುಲಭಕ್ಕೆ ಕೆಡುವುದಿಲ್ಲ. ಆದರೆ ಒಳಗೆ ಬರುವ ವೋಲ್ಟೇಜ್ ಇಳಿದರೆ ಹೊರಗೆ ಕೊಡುವುದೂ ಇಳಿಯುತ್ತದೆ. 230 ಇದ್ದಾಗ 24 ಕೊಡುವುದು, ದೊಡ್ಡ ಮೋಟರ್ ಎಳೆದು 185ಕ್ಕೆ ಬಂದರೆ 19 ಚಿಲ್ಲರೆ ಕೊಡುತ್ತದೆ. 24 ವೋಲ್ಟ್‌ನ ಪಿಎಲ್‌ಸಿಗೆ ಸಾಮಾನ್ಯವಾಗಿ 20.4ರಿಂದ 28.8 ವೋಲ್ಟ್ ಒಳಗೇ ಇರಬೇಕು. ಮತ್ತಿನ್ನೇನು, ಮಲಗಿ ಏಳುತ್ತಿತ್ತು.

ಎಸ್‌ಎಂಪಿಎಸ್ (ಒಳಗಿನ ವೋಲ್ಟೇಜ್ ಏರಿಳಿದರೂ ಹೊರಗೆ ಒಂದೇ ಸಮ ಕೊಡುವ ಎಲೆಕ್ಟ್ರಾನಿಕ್ ಸಪ್ಲೈ) ಹಾಕಿದ ಮೇಲೆ ಅದೇ 185ರಲ್ಲೂ ಮೀಟರ್ 24ರಿಂದ ಅಲುಗಲಿಲ್ಲ. ನನ್ನ ಓಟು ಇದಕ್ಕೇ. ಬಿಸಿ, ಧೂಳು ಇದಕ್ಕೆ ಆಗಿಬರುವುದಿಲ್ಲ, ಅದೊಂದು ನೋಡಿಕೊಳ್ಳಬೇಕು. ನಾನು ಮಾಡಿದ ತಪ್ಪು, ಸೊಲೆನಾಯ್ಡ್ ವಾಲ್ವ್‌ಗಳನ್ನೂ (ಕಾಯಿಲ್‌ಗೆ ಕರೆಂಟ್ ಕೊಟ್ಟು ತೆರೆದು ಮುಚ್ಚುವ ವಾಲ್ವ್) ಇದಕ್ಕೇ ಕೊಟ್ಟಿದ್ದು. ಒಂದು ಕಾಯಿಲ್ ಶಾರ್ಟ್ ಆಗಿ ಪಿಎಲ್‌ಸಿಯೂ ಆಫ್! ಈಗ ವಾಲ್ವ್‌ಗೆ ಬೇರೆ ಎಸ್‌ಎಂಪಿಎಸ್, ಒಂದೊಂದು ಲೈನಿಗೂ ಅದರದೇ ಫ್ಯೂಸ್.

ಅರ್ಥಿಂಗ್ ವಿಷಯದಲ್ಲಿ ಜಾಸ್ತಿ ಪಾಠ ಆಯಿತು. ಟ್ಯಾಂಕಿನ ಲೆವೆಲ್ ರೀಡಿಂಗ್ ಕುಣಿಯುತ್ತಿತ್ತು. 'ಎಲೆಕ್ಟ್ರಾನಿಕ್ಸ್‌ಗೆ ಬೇರೆ ಅರ್ಥಿಂಗ್ ಕೊಡಿ ಸಾರ್' ಅಂತ ಎಲ್ಲರ ಸಲಹೆ. ಗುಂಡಿ ತೋಡಿಸಿ, ಪೈಪ್ ಇಳಿಸಿ, ಇದ್ದಿಲು, ಉಪ್ಪು ತುಂಬಿಸಿ, ಪ್ಯಾನಲ್ ಬಾಡಿಯನ್ನು (ಪಿಎಲ್‌ಸಿ ಕೂತಿರುವ ಲೋಹದ ಪೆಟ್ಟಿಗೆ) ಮಿಲ್ಲಿನ ಅರ್ಥಿಂಗ್‌ನಿಂದ ಬಿಡಿಸಿ ಅದಕ್ಕೊಂದಕ್ಕೇ ಕೊಟ್ಟೆ. ಟೆಸ್ಟರ್‌ನಲ್ಲಿ 8 ಓಮ್ ಬಂತು. ಪರವಾಗಿಲ್ಲ ಅನಿಸಿತು.

ರಾತ್ರಿ ಲೆಕ್ಕ ಹಾಕಿದಾಗ ಎದೆ ಧಸಕ್ಕೆಂದಿತು. ಫೇಸ್ ವೈರ್ ಬಾಡಿಗೆ ತಾಗಿದರೆ 230 ಭಾಗಿಸು 8, ಅಂದರೆ 29 ಆಂಪಿಯರ್ ಕೂಡ ಹರಿಯುವುದಿಲ್ಲ. ಅಲ್ಲಿದ್ದ 10 ಆಂಪಿಯರ್‌ನ ಸಿ ಕರ್ವ್ ಅನ್ನುವ ಥರದ ಎಂಸಿಬಿ (ಕರೆಂಟ್ ಜಾಸ್ತಿ ಹರಿದರೆ ತಾನೇ ಆಫ್ ಆಗುವ ಸ್ವಿಚ್) ತಕ್ಷಣ ಬೀಳಲು 50ರಿಂದ 100 ಆಂಪಿಯರ್ ಬೇಕು. ಅದು ಬೀಳುವವರೆಗೆ ಪ್ಯಾನಲ್ ಬಾಗಿಲಲ್ಲಿ ಕರೆಂಟ್! ಸಿಡಿಲು ಹೊಡೆದರೆ ಮಿಲ್ಲಿನ ಹಳೇ ಗುಂಡಿ, ಈ ಹೊಸ ಗುಂಡಿ ಎರಡರ ನಡುವಿನ ವೋಲ್ಟೇಜ್ ನೇರವಾಗಿ ಸೆನ್ಸರ್ ವೈರ್ ಹಿಡಿದು ಪಿಎಲ್‌ಸಿಗೇ ಬರುತ್ತದೆ, ಅಲ್ವಾ? ಮಿಲ್ಲಿಗೆ ಸ್ವಂತ ಟ್ರಾನ್ಸ್‌ಫಾರ್ಮರ್ ಇದೆ, ಅರ್ಥಿಂಗ್‌ನ ಹಸಿರು ವೈರ್ ಅಲ್ಲೇ ನ್ಯೂಟ್ರಲ್ ಸೇರುತ್ತದೆ. ಹಾಗಾಗಿ ಬಾಡಿಯನ್ನು ಮಿಲ್ಲಿನ ಅರ್ಥಿಂಗ್‌ಗೇ ಕಟ್ಟಿದರೆ ಫಾಲ್ಟ್ ಕರೆಂಟ್ ಮಣ್ಣಿನ ಬದಲು ತಾಮ್ರದಲ್ಲೇ ವಾಪಸ್ ಹೋಗುತ್ತದೆ, ಎಂಸಿಬಿ ಟಪ್ ಅಂತ ಬೀಳುತ್ತದೆ. ಬೆಳಗ್ಗೆ ಮಿಲ್ ಶುರುವಾಗುವ ಮೊದಲೇ ಹಾಗೇ ಕಟ್ಟಿದೆ.

ಕುಣಿತ? ಅದಕ್ಕೂ ಗುಂಡಿಗೂ ಸಂಬಂಧವೇ ಇರಲಿಲ್ಲ. ಸೆನ್ಸರ್ ಕೇಬಲ್ ಡ್ರೈವ್‌ನ (ಮೋಟರ್ ವೇಗ ಹೆಚ್ಚು ಕಡಿಮೆ ಮಾಡುವ ಸಾಧನ) ಮೋಟರ್ ಕೇಬಲ್ ಜೊತೆ ಒಂದೇ ಟ್ರೇನಲ್ಲಿ ಮಲಗಿತ್ತು. ಬೇರೆ ಮಾಡಿ, ಸೆನ್ಸರ್ ವೈರ್ ಸುತ್ತ ಇರುವ ಲೋಹದ ಹೊದಿಕೆ, ಅಂದರೆ ಶೀಲ್ಡನ್ನು ಪ್ಯಾನಲ್ ಕಡೆ ಮಾತ್ರ ಅರ್ಥ್ ಮಾಡಿದೆ, ನಿಂತಿತು.

24 ವೋಲ್ಟ್‌ನ ಮೈನಸ್ ಅನ್ನೂ ಎರಡು ಥರ ಇಟ್ಟು ನೋಡಿದೆ. ಅರ್ಥಿಂಗ್‌ಗೆ ಕಟ್ಟದೆ ತೇಲಲು ಬಿಟ್ಟಾಗ ಒಂದು ವೈರ್ ಬಾಡಿಗೆ ತಾಗಿದ್ದು ಗೊತ್ತೇ ಆಗಲಿಲ್ಲ. ಎರಡನೆಯದೂ ತಾಗಿದ್ದರೆ ಸ್ಟಾಪ್ ಬಟನ್ ದಾಟಿ ಮೆಷಿನ್ ತಾನೇ ಓಡಬಹುದಿತ್ತು. ಈಗ ಸಪ್ಲೈ ಹತ್ತಿರ ಒಂದೇ ಜಾಗದಲ್ಲಿ ಅರ್ಥಿಂಗ್‌ಗೆ ಕಟ್ಟಿದ್ದೇನೆ. ಪ್ಲಸ್ ತಾಗಿದರೆ ಫ್ಯೂಸ್ ಹೋಗುತ್ತದೆ, ಹುಡುಕಿ ಸರಿ ಮಾಡುತ್ತೇವೆ.

ಆ ಗುಂಡಿ ಮುಚ್ಚಿಸಲಿಲ್ಲ, ಮಿಲ್ಲಿನ ಅರ್ಥಿಂಗ್ ಪಟ್ಟಿಗೇ ಸೇರಿಸಿದೆವು. ಬೇಸಿಗೆಯಲ್ಲಿ ವಾಚ್‌ಮನ್ ಅಣ್ಣ ಹಳೆಯದರ ಜೊತೆ ಅದಕ್ಕೂ ಒಂದು ಬಿಂದಿಗೆ ನೀರು ಹಾಕುತ್ತಾರೆ.