ಗೂಡುಚೌಕಟ್ಟಿನ ಕಚ್ಚಿಗೆ 8 ಇಂಚಿನ ಡ್ಯಾಡೋ ಬ್ಲೇಡ್ ಸೆಟ್: ಕೊಳ್ಳಬಹುದೇ?

ಡ್ರಾಯರ್‌ನೊಳಗೆ ಒಂದಕ್ಕೊಂದು ಸಿಕ್ಕಿಸುವ ಮರದ ವಿಭಾಜಕ ಮಾಡುವವರಿಗೆ ಪಟ್ಟಿಗಳಲ್ಲಿ ಅಗಲ ಕಚ್ಚು ಕೊರೆಯಲು ಮೇಜು ಗರಗಸಕ್ಕೆ ಹಾಕುವ ಈ ಸೆಟ್ ಖಂಡಿತ ಉಪಯುಕ್ತ. ಎರಡು ಹೊರ ಬ್ಲೇಡು, ನಡುವಿನ ಮರ ತೆಗೆಯುವ ಚಿಪ್ಪರ್ ಬ್ಲೇಡುಗಳು, ಅಗಲ ಹೊಂದಿಸುವ ತೆಳು ಶಿಮ್ ಬಿಲ್ಲೆಗಳು, ಅಷ್ಟೇ. ಓಲಾಡುವ ಒಂಟಿ ಬ್ಲೇಡಿನಲ್ಲಿ ಆಗುವಂತೆ ಕಚ್ಚಿನ ತಳ ಬಾಗುವುದಿಲ್ಲ. ಮೂಲೆಗಳಲ್ಲಿ ಕೂದಲೆಳೆಯಷ್ಟು ಗೀರು ಮಾತ್ರ ಉಳಿಯುತ್ತದೆ.

ತಲೆನೋವಿರುವುದು ಅಗಲದಲ್ಲಿ. 12 ಮಿ.ಮೀ. ಎಂದು ಮಾರುವ ಪ್ಲೈವುಡ್ ಅಳೆದರೆ 11.6 ಇರಬಹುದು. 3.2ರ ಎರಡು ಹೊರ ಬ್ಲೇಡು, 3.2 ಮತ್ತು 1.6ರ ಚಿಪ್ಪರ್ ಸೇರಿ 11.2; ಮೇಲೆ 0.5 ಶಿಮ್ ಹಾಕಿದರೆ 11.7, ಕೈಯಿಂದ ಒತ್ತಿದರೆ ಕೂರುವಷ್ಟು. ಶಿಮ್ ಆರ್ಬರ್‌ನ (ಬ್ಲೇಡ್ ಕೂರುವ ದಂಡದ) ತಿರುಪಿನ ಸುತ್ತುಗಳಲ್ಲಿ ಸಿಕ್ಕಿ ಮಡಚಿಕೊಂಡರೆ ಬ್ಲೇಡ್ ಓರೆಯಾಗಿ ಕಚ್ಚು ಅಗಲವಾಗುತ್ತದೆ. ಚಿಪ್ಪರ್‌ನ ಹಲ್ಲು ಹೊರ ಬ್ಲೇಡಿನ ಹಲ್ಲಿಗೆ ತಾಗದೆ ಖಾಲಿ ಜಾಗದಲ್ಲಿ ನಿಲ್ಲಬೇಕು.

ಕಚ್ಚಿನ ಆಳ ವಿಭಾಜಕ ಪಟ್ಟಿಯ ಅಗಲದ ಅರ್ಧಕ್ಕಿಂತ ಅರ್ಧ ಮಿ.ಮೀ. ಹೆಚ್ಚಿರಲಿ, ಇಲ್ಲದಿದ್ದರೆ ಮೇಲಂಚು ಸಮ ಬರದು. ಮರವನ್ನು ಬ್ಲೇಡಿನತ್ತ ತಳ್ಳುವ ಮೈಟರ್ ಗೇಜ್‌ಗೆ ಎತ್ತರದ ಹಲಗೆ ಕಟ್ಟಿ, ಅದರಲ್ಲಿ ಕಚ್ಚಿನಗಲದ ಪಿನ್ ಕೂರಿಸಿ, ಕೊರೆದ ಕಚ್ಚನ್ನು ಅದಕ್ಕೆ ಸಿಕ್ಕಿಸಿ ಮುಂದಿನದನ್ನು ಕೊರೆದರೆ ಅಂತರ ತಾನೇ ಸರಿಹೋಗುತ್ತದೆ. ಹಿಂಬದಿಯ ಸಿಬಿರೂ ಏಳದು. ಪಿನ್ ಕಾಲು ಮಿ.ಮೀ. ತಪ್ಪಿದರೆ ಎಂಟನೇ ಕಚ್ಚಿಗೆ ತಪ್ಪು ಸುಮಾರು 2 ಮಿ.ಮೀ.!

ಕೊಳ್ಳುವ ಮುನ್ನ ಗರಗಸದ ಆರ್ಬರ್ ಅಳೆಯಿರಿ. ನಟ್ಟು ಪೂರ್ತಿ ಕಚ್ಚದಿದ್ದರೆ ಸೆಟ್ ಹಾಕಲೇಬೇಡಿ. ಬ್ಲೇಡಿನ ಸುತ್ತ ಮೇಜಿನಲ್ಲಿ ಕೂರುವ ಥ್ರೋಟ್ ಪ್ಲೇಟ್ ಅಗಲ ಬಾಯಿಯದು ಬೇರೆಯೇ ಬೇಕು. ರೈವಿಂಗ್ ನೈಫ್ (ಬ್ಲೇಡಿನ ಹಿಂದಿನ ರಕ್ಷಣಾ ಪಟ್ಟಿ) ಮತ್ತು ಗಾರ್ಡ್ ತೆಗೆದೇ ಕೆಲಸ ಮಾಡಬೇಕಾದ್ದರಿಂದ ಕೈ ಬ್ಲೇಡಿನ ಸಾಲಿಗೆ ಬರಕೂಡದು. ನಾಲ್ಕೇ ಕಚ್ಚು ಕೊರೆಯುವವರಿಗೆ ಮಾಮೂಲಿ ಬ್ಲೇಡೇ ಸಾಕು.