ಗ್ರ್ಯಾಜುಯೇಷನ್‌ಗೆ ಸೈನಿಕ ಯೂನಿಫಾರ್ಮ್ ಸರಿಮಾಡಿಸಿದ ಕಥೆ: ಫೇರ್‌ಫೀಲ್ಡ್‌ನ ಒಂದು ಅಂಗಡಿಗೆ ಐದಕ್ಕೆ ನಾಲ್ಕು

ಮೊದಲೇ ಹೇಳಿಬಿಡುತ್ತೇನೆ, ಅಂಗಡಿಯ ಹೆಸರು ಬರೆಯುತ್ತಿಲ್ಲ. ಹೊಗಳಿಕೆ ಜೊತೆ ಒಂದೆರಡು ದೂರೂ ಇವೆ. ಮೂರೇ ಜನ ನಡೆಸುವ ಸಣ್ಣ ಅಂಗಡಿ, ನನ್ನ ದೂರಿನಿಂದ ಅವರ ಹೊಟ್ಟೆ ಮೇಲೆ ಹೊಡೆತ ಬೀಳೋದು ಬೇಡ. ಟ್ರಾವಿಸ್ ಏರ್ ಫೋರ್ಸ್ ಬೇಸ್ ಇರುವ ಫೇರ್‌ಫೀಲ್ಡ್‌ನಲ್ಲಿದೆ. ನಾವಿರೋದು ಡಬ್ಲಿನ್‌ನಲ್ಲಿ (ಕ್ಯಾಲಿಫೋರ್ನಿಯಾದ್ದು, ಐರ್ಲೆಂಡಿನದಲ್ಲ). 680 ಹೆದ್ದಾರಿ ಹಿಡಿದು, ಬೆನಿಷಿಯಾ ಸೇತುವೆಗೆ ಟೋಲ್ ಕಟ್ಟಿ, ಒಂದು ಪ್ಯಾಂಟಿನ ಮಡಿಕೆಗೋಸ್ಕರ ಮೂರು ಸಲ ಹೋಗಿ ಬಂದಿದ್ದೇನೆ. ಅಷ್ಟು ದೂರ ಯಾಕೆ ಅಂತೀರಾ, ಅದೇ ಕಥೆ.

ನನ್ನ ಮಗ ಆರ್ಮಿ ನ್ಯಾಷನಲ್ ಗಾರ್ಡ್ (ಅಮೆರಿಕದ ಅರೆಕಾಲಿಕ ಸೇನೆ) ಸೇರಿದ್ದಾನೆ. ಸಾಫ್ಟ್‌ವೇರ್ ಅಪ್ಪನ ಮಗ ಹೀಗೂ ಮಾಡ್ತಾನಾ ಅಂತ ಕೇಳಿದವರಿಗೆಲ್ಲ ಉತ್ತರ ಕೊಟ್ಟು ಸಾಕಾಗಿದೆ, ಇಲ್ಲಿ ಮತ್ತೆ ಕೊಡಲ್ಲ. 17ನೇ ವಯಸ್ಸಿಗೆ ಸೇರಬೇಕಾದರೆ ಅಪ್ಪ ಅಮ್ಮನ ಸಹಿ ಬೇಕು. ನಾನು ಒಂದೇ ದಿನಕ್ಕೆ ಹಾಕಿದೆ, ನನ್ನ ಹೆಂಡತಿ ಮೂರು ವಾರ ತೆಗೆದುಕೊಂಡಳು. ಗಾರ್ಡ್‌ನಲ್ಲಿ ಒಂದು ಅನುಕೂಲ ಇದೆ: 11ನೇ ಕ್ಲಾಸು ಮುಗಿದ ಬೇಸಿಗೆ ರಜೆಯಲ್ಲಿ ಹತ್ತು ವಾರದ ಬೇಸಿಕ್ ಟ್ರೈನಿಂಗ್ ಮುಗಿಸಿ, 12ನೇ ಕ್ಲಾಸಿಗೆ ವಾಪಸ್ ಬಂದು ಕೂರಬಹುದು. ಮುಂದಿನ ತರಬೇತಿ, 12ನೇ ಕ್ಲಾಸು ಮುಗಿದ ಮೇಲೆ. ಹಾಗಾಗಿ ಗ್ರ್ಯಾಜುಯೇಷನ್ ದಿನ (ಇಲ್ಲಿ 12ನೇ ಕ್ಲಾಸು ಮುಗಿಸಿದವರಿಗೆ ಶಾಲೆ ಮಾಡುವ ಸಮಾರಂಭ) ಬರುವ ಹೊತ್ತಿಗೆ ಅವನು ಆಗಲೇ ಸೈನಿಕ, ಕಪಾಟಿನಲ್ಲಿ ಯೂನಿಫಾರ್ಮ್ ಬೇರೆ ನೇತಾಡುತ್ತಿತ್ತು.

ತೊಂದರೆ ಏನಪ್ಪಾ ಅಂದರೆ, ಆಗಸ್ಟ್‌ನಲ್ಲಿ ಅಳತೆಗೆ ಕೂತಿದ್ದ ಯೂನಿಫಾರ್ಮ್ ಮೇ ತಿಂಗಳಲ್ಲಿ ಹಾಕಿ ನೋಡಿದರೆ ತೋಳು ಮೊಣಕೈ ಕಡೆ ಓಡುತ್ತಿದೆ! ಹುಡುಗ ಆ ಎಂಟೊಂಬತ್ತು ತಿಂಗಳಲ್ಲಿ ಎರಡು ಇಂಚು ಬೆಳೆದಿದ್ದ. ಸೊಂಟ ಮಾತ್ರ ಸಡಿಲ. ಕನ್ನಡಿ ಮುಂದೆ ನಿಂತು, ‘ಅಪ್ಪ, ಫ್ಯಾನ್ಸಿ ಡ್ರೆಸ್ ಥರ ಕಾಣ್ತಿದೀನಿ’ ಅಂದ. ಸುಳ್ಳಲ್ಲ.

ಈಗಿನ ಆರ್ಮಿ ಯೂನಿಫಾರ್ಮ್ ನೋಡಿಲ್ಲದವರಿಗೆ ಎರಡು ಮಾತು. 2018ರಲ್ಲಿ ಘೋಷಿಸಿದ್ದು, ಎರಡನೇ ಮಹಾಯುದ್ಧ ಕಾಲದ ಉಡುಪಿನ ಮಾದರಿ. ಕಡು ಹಸಿರು ಕೋಟು, ಅದರ ಮೇಲೆ ಅದೇ ಬಟ್ಟೆಯ ಬೆಲ್ಟು, ಸ್ವಲ್ಪ ಬೂದು ಮಿಶ್ರಿತ ಕಂದು ಪ್ಯಾಂಟು, ಕಂದು ಶೂ, ದೋಣಿ ಆಕಾರದ ಟೋಪಿ. ನಿಜಕ್ಕೂ ಚೆನ್ನಾಗಿದೆ. ಆದರೆ ಕೋಟಿಗೆ ಬೆಲ್ಟ್ ಇರೋದರಿಂದ ಸೊಂಟದ ಅಳತೆ ತಪ್ಪಿದರೆ ಗೋಣಿಚೀಲಕ್ಕೆ ಹಗ್ಗ ಕಟ್ಟಿದ ಹಾಗೆ ಕಾಣುತ್ತದೆ.

ಮನೆ ಹತ್ತಿರದ ಡ್ರೈ ಕ್ಲೀನರ್‌ಗೆ ಕೊಟ್ಟೆ. ಆತ ತೋಳು ತಿರುಗಿಸಿಯೂ ನೋಡಲಿಲ್ಲ, ‘ಕಡಿಮೆ ಮಾಡ್ತೀನಿ, ಉದ್ದ ಮಾಡಲ್ಲ’ ಅಂದ. ಆಗ ಮಗನ ಗಾರ್ಡ್ ಗೆಳೆಯ ಹೇಳಿದ್ದು ಈ ಫೇರ್‌ಫೀಲ್ಡ್ ಅಂಗಡಿ.

ಒಳಗೆ ಹೋದರೆ ಎರಡು ಹೊಲಿಗೆ ಮಷಿನ್ನು, ಗೋಡೆ ತುಂಬ ಬ್ಯಾಡ್ಜು, ಕುತ್ತಿಗೆಗೆ ಟೇಪು ಹಾಕಿಕೊಂಡ ಕೊರಿಯಾದ ಒಬ್ಬ ಅಜ್ಜಿ. ಮಗನನ್ನು ಸಣ್ಣ ಸ್ಟೂಲ್ ಮೇಲೆ ನಿಲ್ಲಿಸಿದರು. ‘ಶೂ ಎಲ್ಲಿ?’ ಅಂತ ಮೊದಲ ಪ್ರಶ್ನೆ. ತಂದಿರಲಿಲ್ಲ, ಬೈಸಿಕೊಂಡೆವು, ಅಂಗಡಿಯದೇ ಒಂದು ಜೊತೆ ಕೊಟ್ಟರು. ಪುಸ್ತಕ ಗಿಸ್ತಕ ತೆಗೆಯಲಿಲ್ಲ, ನಿಯಮ ಎಲ್ಲ ಬಾಯಲ್ಲೇ. ಕೋಟಿನ ತೋಳು ಮಣಿಕಟ್ಟಿನ ಮೂಳೆಗಿಂತ ಒಂದು ಇಂಚು ಕೆಳಗೆ ಬರಬೇಕು. ಪ್ಯಾಂಟಿನ ಮುಂದಿನ ಗೀರು ಶೂ ಲೇಸಿನ ಮೇಲೆ ಕೂರಬೇಕು, ಹಿಂದೆ ಮಾತ್ರ ಇನ್ನೂ ಸ್ವಲ್ಪ ಇಳಿಯಬೇಕು, ಅಂದರೆ ಕೆಳಗಿನ ಅಂಚು ಓರೆಯಾಗಿರಬೇಕು. ನೇರ ಹೊಲಿದರೆ ತಪ್ಪು. ನನಗೆ ಇದ್ಯಾವುದೂ ಗೊತ್ತಿರಲಿಲ್ಲ.

ಆಮೇಲೆ ತೋಳನ್ನು ಒಳಮಗ್ಗುಲಿಗೆ ತಿರುಗಿಸಿ, ಲೈನಿಂಗ್‌ನ ನಾಲ್ಕು ಹೊಲಿಗೆ ಬಿಚ್ಚಿ, ಮಡಚಿ ಇಟ್ಟಿದ್ದ ಬಟ್ಟೆ ತೋರಿಸಿದರು. ಒಂದೂವರೆ ಇಂಚಿಗಿಂತ ಜಾಸ್ತಿ ಇತ್ತು. ನಾನು ಅಲ್ಲೇ ನಕ್ಕುಬಿಟ್ಟೆ. ದಾವಣಗೆರೆಯಲ್ಲಿ ಪ್ರತಿ ಜೂನ್‌ನಲ್ಲಿ ನಮ್ಮಮ್ಮ ಟೈಲರಿಗೆ ಹೇಳುತ್ತಿದ್ದ ಮಾತು ನೆನಪಾಯಿತು, ‘ಬೆಳೆಯೋ ಹುಡುಗ, ಒಳಗೆ ಬಟ್ಟೆ ಬಿಡಪ್ಪಾ.’ ವರ್ಷಕ್ಕೊಂದು ಮಡಿಕೆ ಬಿಚ್ಚಿ ಬಿಚ್ಚಿ, ನನ್ನ ಖಾಕಿ ಪ್ಯಾಂಟಿನ ಕೆಳಗೆ ಮರದ ಉಂಗುರದ ಹಾಗೆ ಗೆರೆಗಳಿರುತ್ತಿದ್ದವು, ಅದನ್ನು ನೋಡಿ ಯಾವ ಹುಡುಗ ಎಷ್ಟು ವರ್ಷದ ಪ್ಯಾಂಟು ಹಾಕಿದ್ದಾನೆ ಅಂತ ಲೆಕ್ಕ ಹೇಳಬಹುದಿತ್ತು. ಅಮೆರಿಕದ ಸೇನೆಯೂ ನಮ್ಮಮ್ಮನ ಹಾಗೇ ಯೋಚನೆ ಮಾಡುತ್ತೆ ಅಂತ ಗೊತ್ತಿರಲಿಲ್ಲ.

ರೇಟು: ತೋಳಿಗೆ 48 ಡಾಲರ್, ಸೊಂಟಕ್ಕೆ 35, ಪ್ಯಾಂಟಿಗೆ 22. ಒಟ್ಟು 105. ದುಬಾರಿ ಅನಿಸಿದರೂ ಹೊಸ ಕೋಟಿಗಿಂತ ಎಷ್ಟೋ ಕಡಿಮೆ.

ಕಾಯುತ್ತಿದ್ದಾಗ ಒಂದು ಘಟನೆ ನಡೆಯಿತು. ಇನ್ನೊಬ್ಬ ಹುಡುಗ, ಮರೀನ್ (ಆರ್ಮಿಯಲ್ಲ, ಅಮೆರಿಕದ ಬೇರೊಂದು ಸೇನಾ ಪಡೆ), ಅವನೂ ಗ್ರ್ಯಾಜುಯೇಷನ್‌ಗೆ ಅಂತಲೇ ನೀಲಿ ಡ್ರೆಸ್ ತಂದಿದ್ದ. ಪ್ಯಾಂಟಿನ ಪಕ್ಕಕ್ಕೆ ಕೆಂಪು ಪಟ್ಟಿ. ಅಜ್ಜಿ ಕನ್ನಡಕ ಕೆಳಗಿಳಿಸಿ, ‘ಇದು ನಿಂದಲ್ಲ’ ಅಂದರು. ಚಿಕ್ಕಪ್ಪನದಂತೆ. ಆ ಕೆಂಪು ಪಟ್ಟಿ ಕಾರ್ಪೊರಲ್ ಹುದ್ದೆ ಮತ್ತು ಅದಕ್ಕಿಂತ ಮೇಲಿನವರಿಗೆ ಮಾತ್ರ, ಆಗ ತಾನೇ ಬೂಟ್ ಕ್ಯಾಂಪ್ (ಅವರ ಬೇಸಿಕ್ ಟ್ರೈನಿಂಗ್) ಮುಗಿಸಿದವನಿಗೆ ಇಲ್ಲ. ದುಡ್ಡು ಬರುತ್ತಲ್ಲ ಅಂತ ಸುಮ್ನೆ ಹೊಲಿದು ಕೊಡಬಹುದಿತ್ತು, ಕೊಡಲಿಲ್ಲ. ಪಟ್ಟಿ ಇಲ್ಲದ ನಿನ್ನ ಪ್ಯಾಂಟು ತಗೊಂಡು ಬಾ ಅಂತ ಕಳಿಸಿದರು. ನಾಲ್ಕು ಸ್ಟಾರ್‌ನಲ್ಲಿ ಒಂದು ಪೂರ್ತಿ ಇದಕ್ಕೇ.

ಈಗ ದೂರು. ಶುಕ್ರವಾರ ಕೊಡ್ತೀವಿ ಅಂದವರು ಕೊಟ್ಟಿದ್ದು ಮುಂದಿನ ಬುಧವಾರ. ಫೋನ್ ಮಾಡಿದರೆ ಎತ್ತಲ್ಲ. ಗ್ರ್ಯಾಜುಯೇಷನ್ ಇದ್ದದ್ದು ಅದೇ ವಾರದ ಶುಕ್ರವಾರ, ನಮ್ಮ ಗತಿ ಯೋಚನೆ ಮಾಡಿ. ಹೋಗಿ ಹಾಕಿಸಿ ನೋಡಿದರೆ ಪ್ಯಾಂಟಿನ ಅಂಚು ನೇರ! ಯಾವುದು ತಪ್ಪು ಅಂತ ಅಜ್ಜಿ ನಮಗೆ ಪಾಠ ಮಾಡಿದ್ದರೋ ಅದನ್ನೇ ಅವರ ಸಹಾಯಕ ಹೊಲಿದಿಟ್ಟಿದ್ದ. ಅಜ್ಜಿ ಒಂದು ಮಾತೂ ಆಡದೆ ಅವನ ಕಡೆ ನೋಡಿದರು, ಕೂತು ಇಪ್ಪತ್ತು ನಿಮಿಷದಲ್ಲಿ ತಾವೇ ಬಿಚ್ಚಿ ಓರೆಯಾಗಿ ಹೊಲಿದರು, ದುಡ್ಡು ತೆಗೆದುಕೊಳ್ಳಲಿಲ್ಲ. ತೋಳಿನಲ್ಲಿ ಹಳೇ ಮಡಿಕೆಯ ಗೆರೆ ಸಣ್ಣಗೆ ಉಳಿದಿದೆ. ಹಬೆ ಕೊಟ್ಟು ಕೊಟ್ಟು ತೆಗೆದಿದ್ದಾರೆ, ಆದರೂ ಬಿಸಿಲಿಗೆ ಹಿಡಿದರೆ ಕಾಣುತ್ತೆ. ನನಗೆ ಬೇಜಾರಿಲ್ಲ, ಹೆಂಡತಿಗಿದೆ.

ಶಾಲೆಯ ಕಡೆಯದ್ದೂ ಹೇಳಬೇಕು, ಯಾಕೆಂದರೆ ಹೊಲಿಸಿದ ಮೇಲೆ ಹಾಕೋಕೆ ಬಿಡದಿದ್ದರೆ 105 ಡಾಲರ್ ನೀರಲ್ಲಿ ಹೋಮ. ಮೊದಲು ಆಫೀಸಿನವರು ‘ಯೂನಿಫಾರ್ಮ್ ಮೇಲೆ ಗೌನ್ ಹಾಕಲಿ, ಎಲ್ಲರೂ ಒಂದೇ ಥರ ಕಾಣಬೇಕು’ ಅಂದರು. ಕ್ಯಾಲಿಫೋರ್ನಿಯಾದ ಎಜುಕೇಷನ್ ಕೋಡ್‌ನಲ್ಲಿ 35183.3 ಅಂತ ಒಂದು ಕಲಂ ಇದೆ. ಬೇಸಿಕ್ ಟ್ರೈನಿಂಗ್ ಮುಗಿಸಿ ಸೇನೆಯ ಸಕ್ರಿಯ ಸದಸ್ಯನಾಗಿರುವ ವಿದ್ಯಾರ್ಥಿ ಇಷ್ಟಪಟ್ಟರೆ ಸಮಾರಂಭಕ್ಕೆ ತನ್ನ ಡ್ರೆಸ್ ಯೂನಿಫಾರ್ಮ್ ಹಾಕಬಹುದು. ಆಯ್ಕೆ ವಿದ್ಯಾರ್ಥಿಯದು. ಅದನ್ನು ತೋರಿಸಿದ ಮೇಲೆ ‘ಗಾರ್ಡ್ ಅಂದರೆ ತಿಂಗಳಿಗೊಂದು ವೀಕೆಂಡ್ ಅಲ್ವಾ, ಸಕ್ರಿಯ ಹೇಗೆ?’ ಅಂತ ಇನ್ನೊಂದು ಪ್ರಶ್ನೆ. ಅವನ ಸಾರ್ಜೆಂಟ್ ಒಂದು ಪತ್ರ ಕೊಟ್ಟರು, ಒಪ್ಪಿಕೊಂಡರು. ಏಪ್ರಿಲ್‌ನಲ್ಲೇ ಕೇಳಿ, ಬರಹದಲ್ಲಿ ತಗೊಳ್ಳಿ. ಎಲ್ಲ ರಾಜ್ಯದಲ್ಲೂ ಇಂಥ ಕಾನೂನಿಲ್ಲ. ಜೆಆರ್‌ಒಟಿಸಿ ಮಕ್ಕಳ ವಿಷಯ ಬೇರೆ, ಅದು ನಮ್ಮ ಎನ್‌ಸಿಸಿ ಇದ್ದ ಹಾಗೆ, ಅವರು ಸೈನಿಕರಲ್ಲ, ಈ ಕಲಂ ಅವರಿಗಲ್ಲ. ಸಹಿ ಹಾಕಿ ಇನ್ನೂ ತರಬೇತಿಗೆ ಹೋಗದವರಿಗೂ ಇಲ್ಲ.

ಶಾಲೆಯ ಮಾತೂ ಪೂರ್ತಿ ತಪ್ಪು ಅಂತ ನಾನು ಹೇಳಲ್ಲ. 13 ವರ್ಷ ಒಟ್ಟಿಗೆ ಓದಿದ ಮಕ್ಕಳು ಒಂದು ದಿನ ಒಂದೇ ಬಣ್ಣದಲ್ಲಿ ನಿಲ್ಲೋದು ನೋಡೋಕೆ ಚಂದ. ನನ್ನ ಹೆಂಡತಿಗೂ ಗೌನೇ ಬೇಕಿತ್ತು. ಮಗ ಓದಿನಲ್ಲಿ ಗಳಿಸಿದ, ಗೌನ್ ಮೇಲೆ ಹಾಕೋ ಬಣ್ಣದ ದಾರಗಳು, ಕೊರಳಿಗೆ ಹಾಕುವ ಪಟ್ಟಿ, ಯಾವುದನ್ನೂ ಯೂನಿಫಾರ್ಮ್ ಮೇಲೆ ಹಾಕುವ ಹಾಗಿಲ್ಲ, ಸೇನೆಯ ಉಡುಪಿನ ಜೊತೆ ಸಾಮಾನ್ಯ ಉಡುಪು ಬೆರೆಸಬಾರದು. ನಾಲ್ಕು ವರ್ಷದ ಮಾರ್ಕ್ಸು ಮನೆಯ ಡ್ರಾಯರ್‌ನಲ್ಲಿ ಉಳಿಯಿತು ಅಂತ ಅವಳ ಸಂಕಟ. ಎದೆ ಮೇಲಾದರೂ ಏನಿತ್ತು? ರಿಬ್ಬನ್ನು (ಪದಕದ ಗುರುತಿಗೆ ಎದೆ ಮೇಲೆ ಹಾಕುವ ಬಣ್ಣದ ತುಂಡು) ಒಂದೂ ಇಲ್ಲ, ಆರ್ಮಿ ಸರ್ವಿಸ್ ರಿಬ್ಬನ್ ಮುಂದಿನ ತರಬೇತಿ ಮುಗಿದ ಮೇಲೇ. ಇದ್ದದ್ದು ಹೆಸರಿನ ಪಟ್ಟಿ.

ಆ ಪಟ್ಟಿಯಲ್ಲಿದ್ದದ್ದು ನನ್ನ ಹೆಸರು. ನಮ್ಮ ಕಡೆ ಸರ್‌ನೇಮ್ ಎಲ್ಲಿದೆ? ಪಾಸ್‌ಪೋರ್ಟಿಗೆ ಏನೋ ಒಂದು ಬೇಕು ಅಂತ ಅಪ್ಪನ ಹೆಸರು ತುಂಬಿಸುತ್ತೇವೆ. ಇಂಗ್ಲಿಷಿನಲ್ಲಿ ಹನ್ನೆರಡು ಅಕ್ಷರ, ಮೂರು ಇಂಚಿನ ಪಟ್ಟಿಯಲ್ಲಿ ಈ ಕೊನೆಯಿಂದ ಆ ಕೊನೆಗೆ. ಡ್ರಿಲ್ ಸಾರ್ಜೆಂಟ್‌ಗಳು ಎರಡು ದಿನ ಉಚ್ಚಾರಣೆಗೆ ಒದ್ದಾಡಿ, ಮೂರನೇ ದಿನದಿಂದ ‘ಆಲ್ಫಾಬೆಟ್’ ಅಂತ ಕರೆದರಂತೆ. ಅಜ್ಜಿ ಮಾತ್ರ ರಸೀದಿ ಮೇಲೆ ಅಷ್ಟೂ ಅಕ್ಷರ ಸರಿಯಾಗಿ ಬರೆದಿದ್ದರು.

ಶುಕ್ರವಾರ ಸಂಜೆ ಫುಟ್‌ಬಾಲ್ ಮೈದಾನದಲ್ಲಿ ಕಾರ್ಯಕ್ರಮ. ಗೌನ್‌ಗಳ ಸಾಲಿನ ನಡುವೆ ಒಂದೇ ಒಂದು ಹಸಿರು ಕೋಟು. ರಾಷ್ಟ್ರಗೀತೆಗೆ ಉಳಿದವರು ಎದೆ ಮೇಲೆ ಕೈ ಇಟ್ಟರು, ಇವನೊಬ್ಬ ಸೆಲ್ಯೂಟ್ ಹೊಡೆದ. ಆಗ ತೋಳು ಹಿಂದೆ ಸರಿಯುತ್ತಲ್ಲ, ಎಲ್ಲರೂ ಮಗನ ಮುಖ ನೋಡುತ್ತಿದ್ದರೆ ನಾನು ತೋಳಿನ ಅಂಚು ನೋಡುತ್ತಾ ಕೂತಿದ್ದೆ. ಚೆನ್ನಾಗಿ ಕೂತಿತ್ತು. ವೀಡಿಯೊ ನೋಡಿದ ನಮ್ಮಮ್ಮ ದಾವಣಗೆರೆಯಿಂದ ಕೇಳಿದ್ದು ಒಂದೇ, ‘ಕೋಟು ಯಾರು ಹೊಲಿದಿದ್ದೋ, ಮೈಗೆ ಅಂಟಿದಂಗೆ ಐತಲ್ಲ.’

ಹೋಗುವವರಿಗೆ: ಭಾನುವಾರ, ಸೋಮವಾರ ರಜೆ. ಮೇ ತಿಂಗಳಲ್ಲಿ ಹೋದರೆ ಅವರು ಹೇಳಿದ ದಿನಕ್ಕೆ ಒಂದು ವಾರ ಸೇರಿಸಿಕೊಳ್ಳಿ. ಮಗನನ್ನು ಕರೆದುಕೊಂಡೇ ಹೋಗಿ, ಬರೀ ಬಟ್ಟೆ ತಗೊಂಡು ಹೋದರೆ ಮುಟ್ಟಲ್ಲ. ಕೊಟ್ಟಾಗ ಅಲ್ಲೇ ಹಾಕಿಸಿ, ಪ್ಯಾಂಟಿನ ಹಿಂಭಾಗ ನೋಡಿ. ನಮ್ಮವನಿಗೆ ಅಜ್ಜಿ, ‘ಇನ್ನೂ ಎತ್ತರ ಆದರೆ ವಾಪಸ್ ಬನ್ನಿ, ತೋಳಿನಲ್ಲಿ ಇನ್ನೂ ಅರ್ಧ ಇಂಚು ಬಿಟ್ಟಿದ್ದೀನಿ’ ಅಂದಿದ್ದಾರೆ. ಮತ್ತೆ ಶೂ, ದಯವಿಟ್ಟು ಶೂ ಮರೀಬೇಡಿ.