ನೀಲಿ ಪರದೆ ಬಂದರೆ ಅಂಗಡಿಗೆ ಓಡಬೇಡಿ, ಮೊದಲು ಅದರಲ್ಲಿ ಏನು ಬರೆದಿದೆ ಓದಿ

ಇದನ್ನು ಬರೆಯೋಕೆ ನನಗೇ ನಾಚಿಕೆ. ಹಾಸನದಲ್ಲಿ ಹನ್ನೆರಡು ವರ್ಷದಿಂದ ಶುಂಠಿ, ಆಲೂಗಡ್ಡೆ ವ್ಯಾಪಾರಿಗಳ ಲೆಕ್ಕ ಬರೆದು ಜಿಎಸ್‌ಟಿ ಫೈಲ್ ಮಾಡುವವನು ನಾನು. "ಓಟಿಪಿ ಯಾರಿಗೂ ಹೇಳಬೇಡಿ" ಅಂತ ಅವರಿಗೆಲ್ಲ ಬುದ್ಧಿ ಹೇಳುವವನೂ ನಾನೇ. ಅಂಥ ನನ್ನ ಕೈಯಿಂದ ಲ್ಯಾಪ್‌ಟಾಪ್ ರಿಪೇರಿಗೆ ಅಂತ ಏಳೂವರೆ ಸಾವಿರ ಹೋಯಿತು. ದುಡ್ಡು ಹೋಗಲಿ. ಅಂಗಡಿಯವರು ಬೆಂಗಳೂರಿನ ಕಥೆ ಒಂದು ಹೇಳಿದರಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತಿದೆ.

ಕಳೆದ ತಿಂಗಳು 16ನೇ ತಾರೀಖು. 20ಕ್ಕೆ 3ಬಿ, ಅಂದರೆ ಜಿಎಸ್‌ಟಿಯ ತಿಂಗಳ ರಿಟರ್ನ್, ಕೊನೆ ದಿನ, ಆ ವಾರ ನಮ್ಮಂಥವರ ಪಾಡು ನಿಮಗೆ ಗೊತ್ತೇ ಇದೆ. ರಾತ್ರಿ ಲ್ಯಾಪ್‌ಟಾಪ್ ಏನೋ ಅಪ್‌ಡೇಟ್ ಹಾಕಿಕೊಂಡು ರೀಸ್ಟಾರ್ಟ್ ಆಯಿತು. ಬೆಳಗ್ಗೆ ನೋಡಿದರೆ ನೀಲಿ ಪರದೆ. ಮೇಲೆ ಬಿಟ್‌ಲಾಕರ್ ಅಂತ ಇದೆ, ಕೆಳಗೆ ಯಾವುದೋ ಕೀ ಕೇಳುತ್ತಿದೆ. ಎದೆ ಧಸಕ್ ಅಂದಿತು. ಟ್ಯಾಲಿ ಡೇಟಾ ಎಲ್ಲಾ ಅದರಲ್ಲೇ. ಬ್ಯಾಕಪ್ ಇತ್ತು, ಆದರೆ ಎರಡು ತಿಂಗಳ ಹಳೆಯದು. ಬೈಯಬೇಡಿ, ಮನೆಯಲ್ಲಿ ಆಗಲೇ ಬೈಸಿಕೊಂಡಿದ್ದೇನೆ.

ಬಿ.ಎಂ. ರಸ್ತೆಯ ಒಂದು ಕಂಪ್ಯೂಟರ್ ಅಂಗಡಿಗೆ ಓಡಿದೆ. ಅಂಗಡಿ ಹೆಸರು ಬರೆಯುವುದಿಲ್ಲ. ಕೌಂಟರ್‌ನಲ್ಲಿದ್ದ ಹುಡುಗ ಹತ್ತು ಸೆಕೆಂಡ್ ನೋಡಿರಬಹುದು. ನಾಲಗೆಯಲ್ಲಿ ಲೊಚಗುಟ್ಟಿದ.

"ಸಾರ್, ಇದು ಲಾಕ್ ವೈರಸ್. ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಆಗ್ಬಿಟ್ಟಿದೆ. ಇಲ್ಲಿ ಆಗಲ್ಲ, ಬೆಂಗಳೂರು ಲ್ಯಾಬ್‌ಗೆ ಕಳಿಸ್ಬೇಕು. ಸುಮ್ನೆ ಫಾರ್ಮ್ಯಾಟ್ ಸಾಕು ಅಂದ್ರೆ 500. ಡೇಟಾ ಬೇಕು ಅಂದ್ರೆ 7,500."

ಡೇಟಾ ಬೇಡ ಅನ್ನೋಕಾಗುತ್ತಾ? 2,500 ಅಡ್ವಾನ್ಸ್ ಕೊಟ್ಟೆ. ಚೀಟಿಯಲ್ಲಿ ಫೋನ್ ನಂಬರ್, ಇಮೇಲ್, ಲ್ಯಾಪ್‌ಟಾಪಿನ ಪಿನ್ ಎಲ್ಲಾ ಬರೆದುಕೊಟ್ಟೆ. ರಿಪೇರಿಗೆ ಕೊಡುವಾಗ ಎಲ್ಲರೂ ಕೊಡುತ್ತಾರೆ, ಅಲ್ವಾ?

ಮಾರನೇ ದಿನ ಬೆಳಗ್ಗೆ 11 ಗಂಟೆ ಹೊತ್ತಿಗೆ ಮಂಡಿಯಲ್ಲಿ ಚೀಲದ ಲೆಕ್ಕ ನೋಡುತ್ತಿದ್ದೆ. ಅಂಗಡಿ ಹುಡುಗನ ಫೋನ್ ಬಂತು. "ಸಾರ್, ಲ್ಯಾಬ್‌ನೋರು ನಿಮ್ಮ ಐಡಿ ವೆರಿಫೈ ಮಾಡ್ತಿದ್ದಾರೆ. ಒಂದು ಮೆಸೇಜ್ ಬರುತ್ತೆ, ನಂಬರ್ ಹೇಳ್ಬಿಡಿ." ಹೇಳಿದೆ. ಗದ್ದಲದಲ್ಲಿ ಕೇಳಿಸಲಿಲ್ಲ ಅಂದ, ಇನ್ನೊಂದು ಸಲ ಜೋರಾಗಿ ಹೇಳಿದೆ. ಪಕ್ಕದಲ್ಲಿದ್ದ ಹಮಾಲಿಗೂ ಕೇಳಿಸಿರಬೇಕು! ಮೈಕ್ರೋಸಾಫ್ಟ್ ಅಕೌಂಟ್ ಅಂತ ಆ ಮೆಸೇಜಿನಲ್ಲೇ ಇತ್ತು. ನಾನು ಓದಿದ್ದು ನಂಬರ್ ಮಾತ್ರ.

19ರ ಸಂಜೆ ಲ್ಯಾಪ್‌ಟಾಪ್ ಬಂತು. ಡೇಟಾ ಎಲ್ಲಾ ಇದೆ. ಕೈ ಮುಗಿದು ಬಾಕಿ 5,000 ಕೊಟ್ಟೆ. ಹೌದು, ಕೈ ಮುಗಿದೆ. ಬಿಲ್ ಕೇಳಿದ್ದಕ್ಕೆ "ಬಿಲ್ ಬೇಕಂದ್ರೆ 18 ಪರ್ಸೆಂಟ್ ಎಕ್ಸ್‌ಟ್ರಾ ಸಾರ್" ಅಂದರು. ಜಿಎಸ್‌ಟಿ ಫೈಲ್ ಮಾಡುವವನು ಬಿಳಿ ಚೀಟಿ ಇಟ್ಟುಕೊಂಡು ಮನೆಗೆ ಬಂದೆ. ರಾತ್ರಿಯೆಲ್ಲಾ ಕೂತರೂ ಇಬ್ಬರದು 20ಕ್ಕೆ ಮುಗಿಯಲಿಲ್ಲ. ದಿನಕ್ಕೆ 50 ರೂಪಾಯಿಯಂತೆ ಅವರ ಲೇಟ್ ಫೀ ನನ್ನ ಜೇಬಿನಿಂದ.

ಭಾನುವಾರ ಮಗಳು ಹಾಸ್ಟೆಲ್‌ನಿಂದ ಬಂದಳು. ಲಾಕ್ ವೈರಸ್ ಕಥೆಯನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ನಾನು ತೆಗೆದಿಟ್ಟುಕೊಂಡಿದ್ದ ನೀಲಿ ಪರದೆಯ ಫೋಟೋ ನೋಡಿ "ಅಪ್ಪಾ, ಇದು ವೈರಸ್ಸೇ ಅಲ್ಲ" ಅಂದಳು.

ಅವಳು ಹೇಳಿದ್ದು ಇಷ್ಟು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ಚಿಪ್ ಕಡ್ಡಾಯ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಲಾಗಿನ್ ಆದರೆ ಸಾಮಾನ್ಯವಾಗಿ ಡಿಸ್ಕ್ ತಾನಾಗೇ ಎನ್‌ಕ್ರಿಪ್ಟ್ ಆಗುತ್ತೆ, ಅಂದರೆ ಕೀ ಇಲ್ಲದೆ ಓದೋಕಾಗದ ಹಾಗೆ ಬೀಗ ಬೀಳುತ್ತೆ. ವಿಂಡೋಸ್‌ನ ಬಿಟ್‌ಲಾಕರ್ ಮಾಡುವ ಕೆಲಸ ಅದೇ. ಕಳ್ಳರು ಡಿಸ್ಕ್ ಬಿಚ್ಚಿಕೊಂಡು ಹೋದರೂ ಓದೋಕಾಗಬಾರದು ಅಂತ. ಆನ್ ಮಾಡಿದಾಗಲೆಲ್ಲಾ ಆ ಚಿಪ್ ಎಲ್ಲಾ ಮೊದಲಿನಂತೇ ಇದೆಯಾ ಅಂತ ನೋಡುತ್ತೆ. ಬಯೋಸ್ (ಆನ್ ಮಾಡಿದಾಗ ಎಲ್ಲಕ್ಕಿಂತ ಮೊದಲು ಓಡುವ ಸಾಫ್ಟ್‌ವೇರ್) ಅಪ್‌ಡೇಟ್ ಆಗಿ ಏನಾದರೂ ಬದಲಾಗಿದ್ದರೆ ಅನುಮಾನ ಬಂದು ಕೀ ಕೇಳುತ್ತೆ. ಆ ಕೀ 48 ಅಂಕಿಯದು. ಅದು ನಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲೇ ಬಿದ್ದಿರುತ್ತೆ.

ಎಲ್ಲಿ ಹುಡುಕಬೇಕು ಅನ್ನುವ ವಿಳಾಸ ಆ ನೀಲಿ ಪರದೆಯಲ್ಲೇ ಇತ್ತು. ನಾನು ತೆಗೆದ ಫೋಟೋದಲ್ಲೇ ಇತ್ತು! ಎಕೆಎ ಡಾಟ್ ಎಂಎಸ್ ಸ್ಲ್ಯಾಶ್ ಮೈರಿಕವರಿಕೀ (aka.ms/myrecoverykey). ಮಗಳು ನನ್ನ ಫೋನಿನಲ್ಲೇ ತೆಗೆದು ತೋರಿಸಿದಳು. ಎರಡು ನಿಮಿಷ ಹಿಡಿಯಿತು. ಮಂಡಿಯಲ್ಲಿ ನಾನು ಕೂಗಿ ಹೇಳಿದ ಓಟಿಪಿಯಿಂದ ಅವರು ಮಾಡಿದ್ದೂ ಇದನ್ನೇ.

ಹಾಗಾದರೆ ಬೆಂಗಳೂರು? ಕ್ರೋಮ್ ಹಿಸ್ಟರಿ ತೆಗೆದೆವು. ನನ್ನ ಲ್ಯಾಪ್‌ಟಾಪ್ ಬೆಂಗಳೂರು ಲ್ಯಾಬ್‌ನಲ್ಲಿ ಇದ್ದ 17ನೇ ತಾರೀಖು ಮಧ್ಯಾಹ್ನ 2:40ಕ್ಕೆ ಅದರಲ್ಲಿ ಯಾರೋ ಕ್ರಿಕೆಟ್ ಹೈಲೈಟ್ಸ್ ನೋಡಿದ್ದಾರೆ. ಆಮೇಲೆ ಹಾಸನದಲ್ಲಿ ಸೆಕೆಂಡ್ ಹ್ಯಾಂಡ್ ಬೈಕ್ ಹುಡುಕಿದ್ದಾರೆ. ಸೇವ್ ಆಗಿದ್ದ ವೈಫೈ ಹೆಸರು ನೋಡಿದರೆ ಅಂಗಡಿಯದೇ. ಲ್ಯಾಪ್‌ಟಾಪ್ ಚನ್ನರಾಯಪಟ್ಟಣ ಕೂಡ ದಾಟಿಲ್ಲ. ನಾನು ಇಲ್ಲಿ ನಿದ್ದೆಗೆಟ್ಟು ದಿನ ಎಣಿಸುತ್ತಿದ್ದೆ, ಕೆಲಸ ಮುಗಿದ ಮೇಲೂ ಎರಡು ದಿನ ಸುಮ್ನೆ ಇಟ್ಟುಕೊಂಡು ಕೂತಿದ್ದರು. ತಕ್ಷಣ ಕೊಟ್ಟರೆ 7,500 ಕೇಳೋಕೆ ಮುಖ ಬೇಕಲ್ಲ.

ಫೋನ್ ಮಾಡಿದೆ. ಮಾಲೀಕನೇ ಎತ್ತಿದ.

"ಸಾರ್, ಡೇಟಾ ಬಂತೋ ಇಲ್ವೋ?"

ಬಂತು ಅಂದೆ.

"ಬಂದ್ಮೇಲೆ ಏನ್ ಪ್ರಾಬ್ಲಂ?"

ಬೆಂಗಳೂರಿಗೆ ಕಳಿಸಿದೆ ಅಂದ್ರಲ್ಲಾ ಅಂದೆ.

"ಆನ್‌ಲೈನ್‌ನಲ್ಲಿ ಕಳಿಸಿದ್ವಿ ಸಾರ್."

ಲ್ಯಾಪ್‌ಟಾಪನ್ನು ಆನ್‌ಲೈನ್‌ನಲ್ಲಿ ಕಳಿಸಿದರಂತೆ!

"ಡಾಕ್ಟ್ರು ಒಂದು ಚೀಟಿ ಬರೆಯೋಕೆ ಫೀಸ್ ತಗೊಳಲ್ವಾ? ಇದು ನಾಲೆಡ್ಜ್ ಚಾರ್ಜ್." ನಾನು ದನಿ ಏರಿಸಿದ ಮೇಲೆ ಕೊನೆಗೆ ಹೇಳಿದ ಮಾತು ಇದು: "ಓಟಿಪಿ ನಾವು ಕಿತ್ಕೊಂಡ್ವಾ? ನೀವೇ ಕೊಟ್ಟಿದ್ದಲ್ವಾ ಸಾರ್." ನನಗೆ ಬಾಯಿ ಬರಲಿಲ್ಲ.

ನಾಲೆಡ್ಜ್ ಚಾರ್ಜ್ ತಗೊಳ್ಳಲಿ, ಬೇಡ ಅನ್ನಲ್ಲ. "ಸಾರ್, ಕೀ ನಿಮ್ಮ ಅಕೌಂಟಿನಲ್ಲಿದೆ, ತೆಗೆದುಕೊಡ್ತೀನಿ, 500 ಕೊಡಿ" ಅಂದಿದ್ದರೆ ಮೇಲೆ ಕಾಫಿ ಕುಡಿಸಿ ಬರುತ್ತಿದ್ದೆ. ನಮ್ಮೂರಲ್ಲೇ ಕೀಬೋರ್ಡ್ ಸರಿ ಮಾಡಿ "ಬಿಡಿ ಸಾರ್, ಧೂಳಿತ್ತು ಅಷ್ಟೇ" ಅಂತ ದುಡ್ಡು ಬೇಡ ಅಂದವರೂ ಇದ್ದಾರೆ. ಅವರ ಹತ್ತಿರ ಹೋಗದೆ ದೊಡ್ಡ ಬೋರ್ಡ್ ನೋಡಿ ಹೋದೆ.

ಪೊಲೀಸರ ಹತ್ತಿರ ಹೋಗು ಅಂತ ಸ್ನೇಹಿತರು ಹೇಳುತ್ತಿದ್ದಾರೆ. ಸೈಬರ್ ಅಪರಾಧ ನೋಡುವ ಸೆನ್ ಠಾಣೆಯ ಬಾಗಿಲವರೆಗೂ ಹೋಗಿದ್ದೆ. ಬಿಲ್ ಇಲ್ಲ, ಓಟಿಪಿ ಕೊಟ್ಟವನು ನಾನೇ. ಏನಂತ ಬರೆದುಕೊಡಲಿ ಅನ್ನಿಸಿ ವಾಪಸ್ ಬಂದೆ.

ನೀವು ಇವತ್ತೇ, ಲ್ಯಾಪ್‌ಟಾಪ್ ಸರಿ ಇರುವಾಗಲೇ, ಆ ವಿಳಾಸಕ್ಕೆ ಹೋಗಿ ನಿಮ್ಮ ಕೀ ಬರೆದಿಟ್ಟುಕೊಳ್ಳಿ. ಕಾಗದದಲ್ಲಿ. ಕಚೇರಿಯವರು ಕೊಟ್ಟ ಲ್ಯಾಪ್‌ಟಾಪ್ ಆದರೆ ಕೀ ಅವರ ಐಟಿಯವರ ಹತ್ತಿರ ಇರಬಹುದು, ಅವರನ್ನು ಕೇಳಿ. ಕೀ ಎಲ್ಲೂ ಇಲ್ಲ ಅಂದರೆ ಮೈಕ್ರೋಸಾಫ್ಟ್‌ನವರಿಂದಲೂ ಅದನ್ನು ಹೊಸದಾಗಿ ಮಾಡಿಕೊಡೋಕೆ ಆಗಲ್ಲ. ಹಾಗಿರುವಾಗ ಲ್ಯಾಬ್‌ನಲ್ಲಿ ಒಡೆದು ತೆಗೀತೀವಿ ಅಂತ ಯಾರಾದರೂ ಅಂದರೆ ಲ್ಯಾಪ್‌ಟಾಪ್ ಎತ್ತಿಕೊಂಡು ಎದ್ದು ಬನ್ನಿ.

ಹಾಂ, ಇನ್ನೊಂದು. ಮಗಳು ನೋಡುವಾಗ ಲ್ಯಾಪ್‌ಟಾಪಿನಲ್ಲಿ ಎನಿಡೆಸ್ಕ್ ಕೂತಿತ್ತು, ಬೇರೆ ಕಂಪ್ಯೂಟರನ್ನು ದೂರದಿಂದ ನಡೆಸುವ ಸಾಫ್ಟ್‌ವೇರ್ ಅದು. ನಾನು ಹಾಕಿದ್ದಲ್ಲ. ಅದರಲ್ಲಿ ನಾನು ಒಪ್ಪದೆಯೂ ದೂರದಿಂದ ಒಳಗೆ ಬರುವ ಪಾಸ್‌ವರ್ಡ್ ಕೂಡ ಸೆಟ್ ಆಗಿತ್ತು. ಕೇಳಿದ್ದಕ್ಕೆ "ಸರ್ವೀಸ್‌ಗೆ ಸಾರ್, ಎಲ್ಲರಿಗೂ ಹಾಕ್ತೀವಿ" ಅಂದರು. ಎಲ್ಲರಿಗೂ ಅಂತೆ! ತೆಗೆದುಹಾಕಿ, ಪಿನ್, ಪಾಸ್‌ವರ್ಡ್ ಎಲ್ಲಾ ಬದಲಾಯಿಸಿದೆ. ಇತ್ತೀಚೆಗೆ ಹಾಸನದಲ್ಲಿ ಲ್ಯಾಪ್‌ಟಾಪ್ ರಿಪೇರಿಗೆ ಕೊಟ್ಟು ತಂದವರು ಒಮ್ಮೆ ತೆಗೆದು ನೋಡಿ, ನಿಮ್ಮದರಲ್ಲೂ ಕೂತಿದೆಯಾ ಅಂತ.